ಕಾರ್ನ್‌ವಾಲಿಗೆ ಹೋದ ಮೂವತ್ತೆಂಟು ಫೇಲ್ ಬೋರು

೧೯೬೪ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿದ್ದೆ, ಅದೂ ಇಡೀ ಸ್ಕೂಲಿಗೆ ಮೂರನೆಯವನಾಗಿ. ಆ ಬೇಸಿಗೆಯಲ್ಲೇ ಅಪ್ಪ ಮದಲೂರು ಕೆರೆಯ ಏರಿ ಮೇಲಿಂದ ಜಾರಿ ಕಾಲು ಮುರಿದುಕೊಂಡ. ಕುರಿಗಳ ಕಾಲು ಮುರಿದಿರಲಿಲ್ಲವಲ್ಲ, ಅವುಗಳ ಹಿಂದೆ ಯಾರಾದರೂ ಹೋಗಲೇಬೇಕಿತ್ತು. ನಾನು ಹೋದೆ. ಕನಿಕರ ಬೇಡಿ ಇದನ್ನು ಹೇಳುತ್ತಿಲ್ಲ. ನನ್ನ ಜೊತೆ ಓದಿ ಮುಂದೆ ಹೋದವರು ಎಷ್ಟು ದುಡಿದಿದ್ದಾರೋ ಅದಕ್ಕಿಂತ ಒಂದು ಕೈ ಹೆಚ್ಚೇ ದುಡಿದಿದ್ದೇನೆ.

ಕುರಿಯ ಹಿಂದೆ ಹೋದವನು ಮೊದಲು ಕಲಿಯುವುದು ಎಣಿಕೆ. ಅದರ ಬೆನ್ನಿಗೇ ಕಲಿಯುವುದು ಆ ಎಣಿಕೆಯನ್ನು ಬಾಯಿಬಿಡದೆ ಇರುವುದು. ದಾರಿಯಲ್ಲಿ ಯಾರಾದರೂ ಎಷ್ಟು ಕುರಿ ಎಂದು ಕೇಳಿದರೆ ಅಪ್ಪ, "ಅವೆ ಒಂದೀಟು" ಎನ್ನುತ್ತಿದ್ದ. ಬಿಡದೆ ಕೇಳಿದರೆ, ಅರವತ್ತಿದ್ದದ್ದು ನಲವತ್ತಾಗುತ್ತಿತ್ತು. ಇರುವಷ್ಟೂ ಹೇಳಿದರೆ ಕಣ್ಣಾಗುತ್ತದೆ, ಮಂದೆ ಕರಗುತ್ತದೆ. ಇದು ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಈ ಮಾತೇ ನನ್ನನ್ನು ಏಳು ಸಮುದ್ರದಾಚೆ ಪೇಚಿಗೆ ಸಿಕ್ಕಿಸುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಮಧುಗಿರಿ, ಟೈಪಿಂಗ್ ಅಂಗಡಿ

೧೯೭೩ರಲ್ಲಿ ಪಾವಗಡದ ಕಡೆಗೆ ಬೋರ್‌ವೆಲ್ ಕೊರೆಯುವ ಲಾರಿ ಬಂತು. ಒಂದು ಸೇವಾ ಸಂಸ್ಥೆಯದು. ಕಬ್ಬಿಣದ ರಾಡು ಹೊರುವುದಕ್ಕೆ ಆಳು ಬೇಕೆಂದರು, ಸೇರಿಕೊಂಡೆ. ಆ ಲಾರಿಯ ಹಿಂದೆ ಸಾಲಾಗಿ ಐದು ಲಿವರ್‌ಗಳಿದ್ದವು. ಅವುಗಳನ್ನು ಮುಟ್ಟುವ ಅಧಿಕಾರ ಡ್ರಿಲ್ಲರ್ ಒಬ್ಬನಿಗೇ. ಹೆಲ್ಪರ್ ಆದವನು ರಾಡು ಹೊರಬೇಕು, ಗ್ರೀಸ್ ಹಚ್ಚಬೇಕು, ಮೇಲೆದ್ದ ಕಲ್ಲಿನ ಹಿಟ್ಟಿನಲ್ಲಿ ಬಿಳಿ ಭೂತವಾಗಿ ನಿಲ್ಲಬೇಕು. ಆರು ವರ್ಷ ನಿಂತೆ. ಸಂಜೆ ಹೊತ್ತು ಯಂತ್ರದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೆ. ತೂತಿನ ತಳದಲ್ಲಿ ಕಲ್ಲು ಒಡೆಯುವ ಹ್ಯಾಮರ್ ಕುಟ್ಟುವ ಸದ್ದು ಕೇಳಿಯೇ ಕಲ್ಲು ಬದಲಾಯಿತು, ಬಿರುಕು ಬಂತು ಎಂದು ಹೇಳುತ್ತಿದ್ದೆ. ಇದನ್ನು ಗಮನಿಸಿದವರು ಸಂಸ್ಥೆಗೆ ಬಂದುಹೋಗುತ್ತಿದ್ದ ಆಲನ್ ಎಂಬ ಇಂಗ್ಲಿಷ್ ಇಂಜಿನಿಯರು. ಅವರ ಸೀಮೆಯಲ್ಲಿ ಕೊರೆಯುವುದನ್ನೇ ಕಲಿಸುವ ಒಂದು ಸ್ಕೂಲಿದೆ, ನೀನು ಅರ್ಜಿ ಹಾಕು, ಸೀಟು ಸಿಕ್ಕರೆ ಖರ್ಚು ಸಂಸ್ಥೆಯದು ಎಂದರು. ನಮ್ಮ ಮೇಲ್ವಿಚಾರಕರು ಒಂದು ಮಾತು ಸೇರಿಸಿದರು: ಅಲ್ಲಿಂದ ಡಿಪ್ಲೊಮಾ ಕಾಗದ ತಂದರೆ ಲಿವರ್ ನನ್ನ ಕೈಗೆ, ತರದಿದ್ದರೆ ರಾಡು ಇದ್ದೇ ಇದೆ.

ಅರ್ಜಿ ಎಂಟು ಪುಟವಿತ್ತು. ಅದನ್ನು ಹಿಡಿದುಕೊಂಡು ಮಧುಗಿರಿಯ ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಗೆ ಹೋದೆ. ಅಲ್ಲಿದ್ದ ಟೈಪಿಸ್ಟ್ ಮೂರ್ತಿಗಳು ಪಹಣಿ ಅರ್ಜಿಯಿಂದ ಹಿಡಿದು ಕೋರ್ಟಿನ ಅಫಿಡವಿಟ್ಟಿನವರೆಗೆ ಎಲ್ಲವನ್ನೂ ಒಂದೇ ವೇಗದಲ್ಲಿ ಕುಟ್ಟುತ್ತಿದ್ದರು. ಅವರು ಕೇಳಿದರು, ನಾನು ಹೇಳಿದೆ. ಎಷ್ಟು ಬೋರು ಕೊರೆದಿದ್ದೀಯ ಎಂಬ ಪ್ರಶ್ನೆ ಬಂದಾಗ ನಾಲಿಗೆ ತಾನಾಗಿ ಅಪ್ಪನ ದಾರಿ ಹಿಡಿಯಿತು. ಇದ್ದದ್ದು ನೂರ ಅರವತ್ತನಾಲ್ಕು. "ನೂರರ ಹತ್ರ ಇರಬೌದು ಸ್ವಾಮಿ" ಎಂದೆ.

ಟೈಪಾದ ಮೇಲೆ ಓದಿ ನೋಡಿದರೆ ಬೋರು ಇನ್ನೂರಾಗಿತ್ತು. ಏಳನೇ ಕ್ಲಾಸು ಎಸ್ಸೆಸ್ಸೆಲ್ಸಿ ಆಗಿತ್ತು, ಗಣಿತದಲ್ಲಿ ಒಳ್ಳೆಯ ನಂಬರು ಬೇರೆ. ಇದೇನು ಎಂದು ಕೇಳಿದ್ದಕ್ಕೆ ಮೂರ್ತಿಗಳು ಕನ್ನಡಕ ಹಣೆಗೇರಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದರು:

"ಶಿರಾ ಮಂಡಿಗೆ ಕಡ್ಲೆಕಾಯಿ ಹಾಕಿದೀಯೇನಪ್ಪಾ? ನೀನು ಹೇಳಿದ ರೇಟಿಗೆ ಯಾವೋನಾದ್ರೂ ತಗೋತಾನಾ? ಇಳಿಸೇ ಇಳಿಸ್ತಾನೆ. ಅರ್ಜಿನೂ ಅಷ್ಟೇ. ಅವರು ಒಂದು ಮೆಟ್ಲು ಇಳಿಸ್ತಾರೆ, ಅದಕ್ಕೆ ನಾನು ಮೊದ್ಲೇ ಒಂದು ಮೆಟ್ಲು ಹತ್ತಿಸಿದೀನಿ. ಕೊನೆಗೆ ನೀನು ನಿಂತಿರೋ ಜಾಗಕ್ಕೇ ಬರ್ತೀಯ. ಸೈನ್ ಹಾಕು."

ಹೌದಲ್ಲ ಎನ್ನಿಸಿತು. ಸೈನ್ ಹಾಕಿದೆ. ಈಗಲೂ ಆ ತರ್ಕದಲ್ಲಿ ಎಲ್ಲಿ ತಪ್ಪಿತ್ತು ಎಂದು ಯಾರಾದರೂ ಕೇಳಿದರೆ ತಟ್ಟನೆ ಹೇಳಲು ನನಗೆ ಬಾರದು.

ಶಿರಾ, ಬಸ್ ಸ್ಟ್ಯಾಂಡು

ಮರುವರ್ಷ ಸೀಟು ಸಿಕ್ಕಿತು. ಹನ್ನೆರಡು ವಾರದ ಕೋರ್ಸು. ಬಸ್ಸು ಹತ್ತಿಸಲು ಅಪ್ಪ, ಅವ್ವ ಇಬ್ಬರೂ ಶಿರಾದವರೆಗೆ ಬಂದರು. ಅಪ್ಪ ಕುಂಟುತ್ತಲೇ ಮಂದೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದ, ಹಾಗಾಗಿ ಅವನ ಮನಸ್ಸು ಬಸ್ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಅವ್ವ ಒಂದು ಕರಿ ಕಂಬಳಿಯನ್ನು ಮಡಿಸಿ ಬ್ಯಾಗಿನೊಳಗೆ ತುರುಕಿದಳು. ಆ ಸೀಮೆಯಲ್ಲಿ ಅವರದೇ ಕಂಬಳಿ ಇರುತ್ತವೆ ಎಂದರೆ, "ಅವರ ಕುರಿ ಯಾವ ಹುಲ್ಲು ತಿಂದಿರ್ತಾವೋ ಏನೋ" ಎಂದಳು. ಬಸ್ಸು ಅಲುಗಿದ ಮೇಲೆ ಅಪ್ಪ ಕಿಟಕಿ ಹತ್ತಿರ ಬಂದ.

"ಲೇ, ಅಲ್ಲಿ ಯಾರಾನ ಅದೆಷ್ಟು ಇದೆಷ್ಟು ಅಂತ ಕೇಳಿದ್ರೆ ಇರೋದ್ನೆಲ್ಲಾ ಹೇಳ್ಬುಡಬ್ಯಾಡ ಕಣ್ಲಾ. ದೂರದ ಸೀಮೆ."

ಆಗಲಿ ಎಂದೆ.

ಲಂಡನ್

ವಿಮಾನದ ಬಗ್ಗೆ ಬರೆಯುವುದಿಲ್ಲ. ಹೋದವರೆಲ್ಲ ಬರೆದಿದ್ದಾರೆ, ನಾನು ನಿದ್ದೆ ಮಾಡಿದೆ. ಲಂಡನ್ನಿನ ನಿಲ್ದಾಣದಲ್ಲಿ ಇಳಿದ ಮೇಲೆ ಎದುರಾದದ್ದು ಮೌನ. ಅಷ್ಟು ಜನ, ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರ ಹಿಂದೊಬ್ಬರು ನಿಂತಿದ್ದರು. ಸಾಲು ಕಂಡಲ್ಲಿ ನಾನೂ ನಿಂತೆ. ಅರ್ಧ ಗಂಟೆಯ ಮೇಲೆ ಮುಂದೆ ಬಂದಾಗ ಅದು ಟೆಲಿಫೋನ್ ಪೆಟ್ಟಿಗೆಯ ಸಾಲು ಎಂದು ಗೊತ್ತಾಯಿತು. ಫೋನ್ ಮಾಡಲು ನನಗೆ ಯಾರಿದ್ದಾರೆ? ಹಿಂದಿನವರಿಗೆ ಅವಮಾನವಾಗಬಾರದೆಂದು ಒಳಗೆ ಹೋಗಿ ಒಂದು ನಿಮಿಷ ಆ ಉಪಕರಣ ಹಿಡಿದು, "ಹೂಂ, ಹೂಂ, ಚೆನ್ನಾಗಿದೀನಿ" ಎಂದು ಹೇಳಿ ಹೊರಬಂದೆ. ಮನಸ್ಸಿಗೆ ಸ್ವಲ್ಪ ಸಮಾಧಾನವಾದದ್ದಂತೂ ನಿಜ.

ಕಾರ್ನ್‌ವಾಲ್, ಮೊದಲ ವಾರ

ಸ್ಕೂಲಿದ್ದದ್ದು ಇಂಗ್ಲೆಂಡಿನ ತುದಿಯಲ್ಲಿ, ಕಾರ್ನ್‌ವಾಲ್ ಎಂಬ ಸೀಮೆಯ ಒಂದು ಸಣ್ಣ ಊರಿನಲ್ಲಿ. ರೈಲಿನಿಂದ ಹೊರಗೆ ನೋಡಿದರೆ ಹಸಿರು ಗುಡ್ಡದ ನಡುವೆ ಬೂದು ಬಂಡೆ. ಗ್ರಾನೈಟು. ಮಧುಗಿರಿ ಬೆಟ್ಟದ ಕಲ್ಲನ್ನೇ ಯಾರೋ ಒಡೆದು ಒದ್ದೆ ಬಟ್ಟೆಯ ಮೇಲೆ ಹರಡಿದ ಹಾಗಿತ್ತು. ಕಲ್ಲು ಗುರುತು ಸಿಕ್ಕಿದ್ದರಿಂದ ಧೈರ್ಯ ಬಂತು. ಆದರೆ ಗುಡ್ಡದ ತುಂಬ ಕುರಿಗಳಿದ್ದವು, ಒಬ್ಬನೇ ಒಬ್ಬ ಕುರಿಗಾಹಿ ಇರಲಿಲ್ಲ. ಎಣಿಸುತ್ತ ಹೋದೆ. ಇನ್ನೂರು ದಾಟಿದರೂ ಒಂದು ಕೋಲು, ಒಂದು ನಾಯಿ, ಒಂದು ಕಂಬಳಿ ಕಾಣಲಿಲ್ಲ. ಇವನ್ನು ಯಾರು ಸಂಜೆ ಮನೆಗೆ ಕರೆದೊಯ್ಯುತ್ತಾರೆ?

ಇಳಿದುಕೊಂಡ ಮನೆಯೊಡತಿಯ ಹೆಸರು ಮೇರಿ, ಅರವತ್ತರ ವಿಧವೆ. ನಾನು ಒಳಗೊಳಗೇ ಮೇರಮ್ಮ ಎನ್ನುತ್ತಿದ್ದೆ. ಬಾಗಿಲು ತೆಗೆದವರೇ ನನ್ನನ್ನು "ಮೈ ಲವರ್" ಎಂದು ಕರೆದರು. ನಾನು ಬ್ಯಾಗು ಹಿಡಿದು ಹಾಗೇ ನಿಂತೆ. ಮಾರನೆಯ ದಿನ ಬಸ್ ಕಂಡಕ್ಟರನೂ ಹಾಗೇ ಅಂದ, ಮೀಸೆ ಇದ್ದ ಗಂಡಸು. ಬ್ರೆಡ್ಡಿನ ಅಂಗಡಿಯವಳೂ ಅಂದಳು. ನಾಲ್ಕನೆಯ ದಿನದ ಹೊತ್ತಿಗೆ ಅರ್ಥವಾಯಿತು: ನಮ್ಮಲ್ಲಿ ಕಂಡವರ ಮಗನನ್ನೂ "ಅಪ್ಪಾ" ಎನ್ನುತ್ತೇವಲ್ಲ, ಹಾಗೆ. ಆಮೇಲೆ ಕರೆಯದೇ ಇದ್ದವರನ್ನು ಕಂಡರೆ, ಏನು ಕೋಪವೋ ಇವರಿಗೆ ಎನ್ನಿಸತೊಡಗಿತು.

ಬಚ್ಚಲಿನಲ್ಲಿ ಒಂದು ತೊಟ್ಟಿಗೆ ಎರಡು ನಲ್ಲಿ. ಒಂದರಲ್ಲಿ ಕುದಿನೀರು, ಇನ್ನೊಂದರಲ್ಲಿ ಮಂಜು. ಎರಡನ್ನೂ ಕೂಡಿಸುವ ಏರ್ಪಾಟು ಇಲ್ಲ. ನೆಲಕ್ಕೆ ಜಮಖಾನ ಹಾಸಿತ್ತು. ಜಮಖಾನದ ಮೇಲೆ ನಿಂತು ಸ್ನಾನ ಮಾಡುವುದು ಹೇಗೆ ಎಂದು ಕೇಳಲು ನಾಚಿಕೆಯಾಗಿ ಮೂರು ದಿನ ಬರೀ ಮುಖ ತೊಳೆದೆ. ನಾಲ್ಕನೆಯ ದಿನ ಮೇರಮ್ಮನೇ ತೊಟ್ಟಿ ತೋರಿಸಿ, ಅದರೊಳಗೆ ಮಲಗಬೇಕೆಂದು ಕೈಸನ್ನೆ ಮಾಡಿದರು. ನಮ್ಮಲ್ಲಿ ಮೈ ತೊಳೆದ ನೀರು ಹರಿದುಹೋಗುತ್ತದೆ, ಇವರು ಅದರಲ್ಲೇ ಮಲಗುತ್ತಾರೆ.

ಹನ್ನೊಂದನೆಯ ದಿನ

ಸ್ಕೂಲಿನಲ್ಲಿ ನಾವು ಒಂಬತ್ತು ಜನ, ಹಲವು ದೇಶದವರು. ಮೇಷ್ಟರ ಹೆಸರು ಟ್ರೆವರ್. ಹೆಸರು ಹಿಡಿದೇ ಕರೆಯಿರಿ ಎಂದರು. ಮೇಷ್ಟರನ್ನು ಹೆಸರು ಹಿಡಿದು ಕರೆದರೆ ಏಳನೇ ಕ್ಲಾಸೂ ಉಳಿಯುವುದಿಲ್ಲ ಎನ್ನಿಸಿ, ಟ್ರೆವರ್ ಸಾರ್ ಎಂದು ಕರೆದೆ. ಯಂತ್ರದ ಹತ್ತಿರ ನಿಲ್ಲಿಸಿದಾಗ ನನಗೆ ಏನೂ ತೊಂದರೆ ಇರಲಿಲ್ಲ. ಆದರೆ ಅರ್ಜಿಯಲ್ಲಿ ಕಂಡ ಗಣಿತದ ನಂಬರನ್ನು ನಂಬಿ ನನ್ನನ್ನು ಡಿಪ್ಲೊಮಾ ತರಗತಿಗೆ ಹಾಕಿದ್ದರು. ಅಲ್ಲಿ ದಿನದ ಅರ್ಧ ಭಾಗ ಬೋರ್ಡಿನ ಮೇಲೆ ಲೆಕ್ಕ. ಗಾಳಿಯ ಒತ್ತಡ, ನೀರಿನ ಒರತೆ, ಎಲ್ಲಕ್ಕೂ ಲಾಗರಿತಮ್ ಎಂಬ ಕೋಷ್ಟಕ. ಅದರೊಳಗಿನ ಅಂಕಿಗಳು ನನಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು.

ಮೂರ್ತಿಗಳು ಹೇಳಿದ ಮೆಟ್ಟಿಲು ಇಳಿಸುವವರು ಯಾವಾಗ ಬರುತ್ತಾರೆ ಎಂದು ದಿನವೂ ಕಾದೆ. ಯಾರೂ ಬರಲಿಲ್ಲ. ಬರೆದದ್ದನ್ನು ಇವರು ಬರೆದ ಹಾಗೇ ನಂಬಿಬಿಟ್ಟಿದ್ದರು.

ಹನ್ನೊಂದನೆಯ ದಿನ ಪರೀಕ್ಷೆ. ಏಳು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬರೆದೆ, ಉಳಿದ ಹಾಳೆಯಲ್ಲಿ ರಿಗ್ಗಿನ, ಅಂದರೆ ಕೊರೆಯುವ ಯಂತ್ರದ, ಚಿತ್ರ ಬರೆದು ಭಾಗಗಳನ್ನು ಗುರುತಿಸಿದೆ. ಸಂಜೆ ಟ್ರೆವರ್ ಸಾರ್ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು. ತಲೆನೋವು ಎಂದೆ. ಅವರು ಅದನ್ನೂ ನಂಬಿದರು. ನಂಬಿ ಒಂದು ಮಾತ್ರೆ ಕೊಟ್ಟರು. ಇಲ್ಲದ ನೋವಿಗೆ ಮಾತ್ರೆ ನುಂಗಿಕೊಂಡು ಮಳೆಯಲ್ಲಿ ಮನೆಗೆ ನಡೆದೆ. ನಿಜ ಹೇಳಿದರೆ ವಾಪಸ್ ಕಳಿಸುತ್ತಾರೆ. ಶಿರಾ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರಿಗೆ ಏನು ಹೇಳುವುದು? ಹೇಳದಿದ್ದರೆ ಹನ್ನೆರಡನೇ ವಾರ ಎಲ್ಲರೆದುರಿಗೆ ಫೇಲು. ಎರಡರಲ್ಲಿ ಯಾವುದನ್ನು ಆರಿಸಿದರೂ ಲಿವರ್ ಸಿಗುವುದಿಲ್ಲ.

ಭಾನುವಾರ, ಜ್ಯಾಕನ ಹೊಲ

ನನ್ನ ಮುಖ ನೋಡಿ ಮೇರಮ್ಮ, ಊರ ಹೊರಗಿದ್ದ ತನ್ನ ತಮ್ಮನಾದ ಜ್ಯಾಕನ ಹೊಲಕ್ಕೆ ಕರೆದೊಯ್ದರು. ಅವನದು ಕುರಿಯ ಕಸುಬು. ಕಂಬಳಿ ಹೊದ್ದು ಹೋಗಿದ್ದೆ. ಜ್ಯಾಕ್ ಅದರ ಅಂಚನ್ನು ಬೆರಳಲ್ಲಿ ಉಜ್ಜಿ, ಮೂಸಿ, ಇದು ಒರಟು ಉಣ್ಣೆ, ಮಳೆಗೆ ಜಗ್ಗುವುದಿಲ್ಲ ಎಂದ. ಅವ್ವನ ಎದುರಿಗೆ ಹೇಳಬೇಕಿದ್ದ ಮಾತು.

ಕುರಿಗಳು ಕಲ್ಲುಗೋಡೆಯ ನಡುವೆ ತಾವೇ ಮೇಯುತ್ತಿದ್ದವು. ಕಾಯುವವರು ಯಾರು ಎಂದರೆ, ಗೋಡೆ ಎಂದ. ಅಷ್ಟರಲ್ಲಿ ಪಕ್ಕದ ಹೊಲದವನೊಬ್ಬ ಗೋಡೆಯಾಚೆಯಿಂದ ಏನೋ ಕೂಗಿ ಕೇಳಿದ. ಜ್ಯಾಕ್ ಅಷ್ಟೇ ಗಟ್ಟಿಯಾಗಿ, ಇನ್ನೂರ ಹನ್ನೆರಡು, ಈ ವಾರ ಮೂರು ಸತ್ತವು ಎಂದು ಕೂಗಿದ. ಇರುವ ಸಂಖ್ಯೆಯನ್ನೂ ಸತ್ತ ಸಂಖ್ಯೆಯನ್ನೂ ಬಯಲಿನಲ್ಲಿ ನಿಂತು ಕೂಗುವುದೇ? ಕಣ್ಣಾಗುವುದಿಲ್ಲವೇ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಎರಡು ಸಲ ಬಿಡಿಸಿ ಹೇಳಿದ ಮೇಲೆ ತಲೆ ಕೆರೆದುಕೊಂಡು ಹೇಳಿದ: "ಎಷ್ಟಿವೆ ಅಂತ ಅವನಿಗೆ ಗೊತ್ತಿಲ್ಲದಿದ್ದರೆ, ನನ್ನದೊಂದು ಅವನ ಹೊಲಕ್ಕೆ ಹಾರಿದಾಗ ವಾಪಸ್ ಯಾಕೆ ಕಳಿಸುತ್ತಾನೆ?"

ಅಪ್ಪ ಹೇಳಿದ್ದೂ ಸರಿ ಎನ್ನಿಸಿತು, ಇವನು ಹೇಳಿದ್ದೂ ಸರಿ ಎನ್ನಿಸಿತು. ಎರಡು ಸರಿಗಳನ್ನು ಒಂದೇ ತಲೆಯಲ್ಲಿ ಹೊತ್ತು ಎರಡು ಮೈಲಿ ನಡೆದು ಬಂದೆ. ಆ ಗೋಡೆಯಾಚೆಯವನು ಸತ್ತ ಮೂರರ ಸುದ್ದಿ ಕೇಳಿ ನಗಲಿಲ್ಲ ಎಂಬುದು ಮಾತ್ರ ಮತ್ತೆ ಮತ್ತೆ ನೆನಪಿಗೆ ಬಂತು. ಅವನೂ ತನ್ನದೊಂದು ಸತ್ತಿತೆಂದು ಹೇಳಿ ಹೋಗಿದ್ದ.

ಸೋಮವಾರ

ಬೆಳಿಗ್ಗೆ ಟ್ರೆವರ್ ಸಾರ್ ಕೋಟು ಬಿಚ್ಚುವ ಮೊದಲೇ ಅವರ ಮುಂದೆ ನಿಂತು ಹೇಳಿದೆ. ಎಸ್ಸೆಸ್ಸೆಲ್ಸಿ ಸುಳ್ಳು, ಏಳನೇ ಕ್ಲಾಸು ನಿಜ. ಇನ್ನೂರು ಬೋರು ಸುಳ್ಳು. ನಾನು ಹೇಳಿದ್ದ ನೂರೂ ಸುಳ್ಳು. ಮೂರ್ತಿಗಳ ಮೆಟ್ಟಿಲನ್ನೂ ಅಪ್ಪನ ಕುರಿಯನ್ನೂ ವಿವರಿಸಲು ಹೋಗಿ ಇನ್ನಷ್ಟು ಗೋಜಲು ಮಾಡಿದೆ. ಒಬ್ಬ ಏರಿಸಿದ, ಒಬ್ಬ ಇಳಿಸಿದ ಎಂಬುದು ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಸೈನ್ ನನ್ನದು ಎಂದು ಮಾತ್ರ ಸ್ಪಷ್ಟವಾಗಿ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಲ್ಲಿ ನಿಂತಿದ್ದೇನೆಂದು ಗೊತ್ತಾಗುತ್ತಿತ್ತು. ಒಳಗೆ ಹೋಗಿ ಒಂದು ಖಾಲಿ ಅರ್ಜಿ ತಂದು ಮೇಜಿನ ಮೇಲಿಟ್ಟು, ಮತ್ತೆ ಬರೆ, ನೀನೇ ಬರೆ ಎಂದರು. ಪಕ್ಕದಲ್ಲಿ ಟೀ ಇಟ್ಟರು. ಟೀ ಕೊಟ್ಟು ಹೊರಗೆ ಹಾಕುವುದು ಇವರ ರಿವಾಜೋ ಏನೋ ಎಂದುಕೊಂಡು ಬರೆಯಲು ಕೂತೆ.

ಅದೇ ಎಂಟು ಪುಟ. ಮಧುಗಿರಿಯಲ್ಲಿ ಮೂರ್ತಿಗಳು ಟೈಪ್ ಮಾಡುವಾಗ ನಾನು ನೋಡದಿದ್ದ ಒಂದು ಕಾಲಂ ಐದನೇ ಪುಟದಲ್ಲಿತ್ತು: ಕೊರೆದವುಗಳಲ್ಲಿ ನೀರು ಬೀಳದೆ ಫೇಲಾದವು ಎಷ್ಟು? ಹಳೆಯದರಲ್ಲಿ ಮೂರ್ತಿಗಳು ಸೊನ್ನೆ ಹಾಕಿದ್ದರಂತೆ. ಆರು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನೀರು ಬಿದ್ದರೆ ತೆಂಗಿನಕಾಯಿ ಒಡೆಯುತ್ತಾರೆ, ಫೋಟೋ ತೆಗೆಯುತ್ತಾರೆ. ಬೀಳದಿದ್ದರೆ ರಾಡು ಎತ್ತಿ, ಲಾರಿ ಸ್ಟಾರ್ಟ್ ಮಾಡಿ, ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತೇವೆ. ಆದರೆ ಕುರಿ ಕಾಯುವವನ ಮಗ, ಕಳೆದುಹೋದದ್ದನ್ನು ಎಣಿಸದೆ ಇರಲಾರೆ. ಮೂವತ್ತೆಂಟು. ಯಾರಿಗೂ ಹೇಳದೆ ಒಳಗಿಟ್ಟುಕೊಂಡಿದ್ದ ಸಂಖ್ಯೆ. ಅದನ್ನೇ ಬರೆದೆ.

ಟ್ರೆವರ್ ಸಾರ್ ಆ ಪುಟದಲ್ಲೇ ನಿಂತರು. ಕುರ್ಚಿ ಎಳೆದುಕೊಂಡು, ಮೊದಲನೆಯದರಿಂದ ಹೇಳು ಎಂದರು. ಎಷ್ಟು ಅಡಿ, ಯಾವ ಕಲ್ಲು, ಎಲ್ಲಿ ನಿಲ್ಲಿಸಿದಿರಿ, ಯಾಕೆ ನಿಲ್ಲಿಸಿದಿರಿ. ಹೇಳಿದೆ. ಕೊರಟಗೆರೆ ದಾರಿಯ ಸ್ಕೂಲಿನ ಹಿಂದಿನದು, ನೂರ ತೊಂಬತ್ತು ಅಡಿ, ಕರಿ ಕಲ್ಲು, ಬಿರುಕೇ ಇಲ್ಲ. ಇನ್ನೊಂದು, ಹ್ಯಾಮರ್ ಸದ್ದು ಬದಲಾಗಿತ್ತು, ಇನ್ನಿಪ್ಪತ್ತು ಅಡಿ ಹೋಗಿದ್ದರೆ ಸಿಗುತ್ತಿತ್ತೇನೋ, ಡ್ರಿಲ್ಲರ್ ಒಪ್ಪಲಿಲ್ಲ. ಮತ್ತೊಂದು, ವೈ.ಎನ್. ಹೊಸಕೋಟೆ ಕಡೆಯ ಒಂದು ಕೇರಿಯದು. ಅಲ್ಲಿ ನಾವು ರಾಡು ಎತ್ತುತ್ತಿದ್ದಾಗ ಒಬ್ಬ ಮುದುಕಿ ಬಂದು ಆ ತೂತನ್ನು ನೋಡಿ, ತೆಲುಗಿನಲ್ಲಿ, "ಈ ಗುಂತ ನಾಕೆಂದುಕು ನಾಯನಾ" ಎಂದಿದ್ದಳು. ಈ ಗುಂಡಿ ನನಗೇತಕಪ್ಪಾ ಎಂದು. ಬೈಗುಳವಲ್ಲ, ನಿಜವಾಗಿಯೂ ಕೇಳಿದ್ದಳು. ಅದನ್ನೂ ಹೇಳಿದೆ. ಟ್ರೆವರ್ ಸಾರ್ ಅದನ್ನೂ ಬರೆದುಕೊಂಡರು, ಯಾಕೆಂದು ಗೊತ್ತಿಲ್ಲ. ಮೂವತ್ತೆಂಟು ಮುಗಿಯುವಷ್ಟರಲ್ಲಿ ದೀಪ ಹಾಕಿದ್ದರು. ಆಗ ಅವರು ಕೇಳಿದ್ದು ಇಷ್ಟೇ: "ಇದನ್ನು ಮೊದಲೇ ಯಾಕೆ ಬರೆಯಲಿಲ್ಲ?"



ಶುಕ್ರವಾರದವರೆಗೆ

ತೀರ್ಮಾನ ಪ್ರಿನ್ಸಿಪಾಲರದು, ಶುಕ್ರವಾರ ಎಂದರು. ನಾಲ್ಕು ದಿನ ಎಲ್ಲರೂ ಎಂದಿನಂತೆ ಇದ್ದರು. ಟೀ ಕೊಟ್ಟರು, ಹವಾಮಾನದ ಮಾತಾಡಿದರು. ನಮ್ಮಲ್ಲಾದರೆ ಪ್ಯೂನಿನ ಮುಖ ನೋಡಿದರೆ ಸಾಹೇಬರ ತೀರ್ಮಾನ ಗೊತ್ತಾಗುತ್ತದೆ. ಇಲ್ಲಿ ಯಾರ ಮುಖದಲ್ಲೂ ಏನೂ ಬರೆದಿರಲಿಲ್ಲ. ಬುಧವಾರ ಬ್ಯಾಗು ತುಂಬಿದೆ. ಗುರುವಾರ ಮೇರಮ್ಮ ಅದನ್ನು ಕಂಡು, ಬಟ್ಟೆ ಒಗೆಯಲಿಕ್ಕೆಂದು ತಿಳಿದು, ಎಲ್ಲವನ್ನೂ ಒಗೆದು ಹಾಕಿದರು. ಶುಕ್ರವಾರ ಒದ್ದೆ ಬಟ್ಟೆ ಬಿಟ್ಟು ಇನ್ನೇನೂ ಇಲ್ಲದೆ, ಮೈಮೇಲಿದ್ದ ಒಂದೇ ಶರಟಿನಲ್ಲಿ ಪ್ರಿನ್ಸಿಪಾಲರ ಮುಂದೆ ನಿಂತೆ.

ಅವರು ಒಂದು ನಿಮಿಷ ಮಾತಾಡಿದರು. ಡಿಪ್ಲೊಮಾ ತರಗತಿಯಲ್ಲಿ ನನಗೆ ಜಾಗವಿಲ್ಲ, ಅದಕ್ಕೆ ಓದು ಸಾಲದು. ಯಂತ್ರ ನಡೆಸುವವರ ತರಗತಿ ಬೇರೆ ಇದೆ, ಅದಕ್ಕೆ ನನ್ನ ಎರಡನೆಯ ಅರ್ಜಿಯನ್ನು ಒಪ್ಪಿಕೊಂಡಿದ್ದಾರೆ, ಉಳಿದ ವಾರ ಅಲ್ಲಿ ಇರಬಹುದು. ನನ್ನನ್ನು ಇಳಿಸಿದರೋ ಏರಿಸಿದರೋ ತಿಳಿಯಲಿಲ್ಲ. ಥ್ಯಾಂಕ್ಯೂ ಎಂದೆ, ಆಮೇಲೆ ಸಾರಿ ಎಂದೆ, ಮತ್ತೆ ಥ್ಯಾಂಕ್ಯೂ ಎಂದೆ. ಹೊರಗೆ ಅಂಗಳದಲ್ಲಿ ರಿಗ್ಗು ನಿಂತಿತ್ತು. ಟ್ರೆವರ್ ಸಾರ್ ಕೈಗವಸು ಎಸೆದು, ಲಿವರಿನ ಹತ್ತಿರ ನಿಲ್ಲು ಎಂದರು. ಕೆಳಗೆ ಗ್ರಾನೈಟು. ಹ್ಯಾಮರ್ ಕುಟ್ಟಿದ ಮೊದಲ ಸದ್ದಿಗೆ ಮಧುಗಿರಿಯ ಕಲ್ಲೇ ಮಾತಾಡಿದಂತಾಯಿತು.

ಮದಲೂರು

ವಾಪಸ್ ಬಂದಾಗ ಮೇಲ್ವಿಚಾರಕರು ನನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಡಿಪ್ಲೊಮಾ ಅಲ್ಲ ಎಂದರು. ಅಲ್ಲ ಎಂದೆ. ಮತ್ತೆ ಒಂದು ವರ್ಷ ಎರಡು ತಿಂಗಳು ರಾಡು ಹೊತ್ತೆ. ಆಮೇಲೆ ಡ್ರಿಲ್ಲರ್ ಬಿಟ್ಟುಹೋದ ದಿನ, ಬೇರೆ ಯಾರೂ ಇರಲಿಲ್ಲವೆಂದು ಲಿವರ್ ಕೊಟ್ಟರು. ಕಾಗದದಿಂದ ಸಿಕ್ಕಿತೋ ಗತಿಯಿಲ್ಲದೆ ಸಿಕ್ಕಿತೋ ಎಂದು ಈಗಲೂ ನನಗೆ ಗೊತ್ತಿಲ್ಲ. ಸಿಕ್ಕಮೇಲೆ ಬಿಟ್ಟುಕೊಟ್ಟಿಲ್ಲ.

ಊರಿಗೆ ಬಂದ ದಿನ ಅಪ್ಪ ಕೇಳಿದ ಮೊದಲ ಮಾತು, "ಎಲ್ಲಾ ಹೇಳ್ಬುಟ್ಯೇನ್ಲಾ?"

"ಹೂಂ ಕಣಪ್ಪ, ಹೇಳ್ಬುಟ್ಟೆ."

"ಫೇಲಾಗಿದ್ದೂವೆ?"

"ಅದುನ್ನೇ ಜಾಸ್ತಿ ಕೇಳಿದ್ರು."

ಅಪ್ಪ ಕೋಲು ತಗೊಂಡು ಹಟ್ಟಿಗೆ ಹೋಗಿ ಕುರಿಗಳನ್ನು ಇನ್ನೊಂದು ಸಲ ಎಣಿಸಿ ಬಂದ. ಆ ವಾರ ಒಂದು ಮರಿ ಸತ್ತಿತು. ಅದು ನನ್ನ ತಲೆಗೇ ಬಂತು, ಈಗಲೂ ನನ್ನ ತಲೆ ಮೇಲೇ ಇದೆ.

ಇದನ್ನು ಬರೆಯುತ್ತಿರುವುದು ೧೯೮೬ರಲ್ಲಿ. ನನ್ನಲ್ಲಿ ಈಗ ಇರುವುದು ಇಷ್ಟು. ಓದು, ಏಳನೇ ಕ್ಲಾಸು. ಇಂಗ್ಲೆಂಡಿನ ಕಾಗದ ಒಂದು. ಕೊರೆದ ಬೋರು ಐನೂರ ಎಪ್ಪತ್ತೊಂದು, ಅದರಲ್ಲಿ ಫೇಲು ನೂರ ಒಂಬತ್ತು. ವೈ.ಎನ್. ಹೊಸಕೋಟೆ ಕಡೆಯ ಆ ಮುದುಕಿಯ ಕೇರಿಯಲ್ಲಿ ಮತ್ತೆ ಕೊರೆದದ್ದು ಎರಡು, ನೀರು ಬಿದ್ದದ್ದು ಒಂದು. ಕಂಬಳಿ ಒಂದು, ಅಂಚು ಸವೆದಿದೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅವ್ವ, ಅಪ್ಪ. ಕುರಿ ಎಪ್ಪತ್ಮೂರು, ಮೇಕೆ ಆರು. ಅಪ್ಪನಿಗೆ ಓದಲು ಬಾರದು, ಅದಕ್ಕೇ ಇರುವಷ್ಟೂ ಬರೆದಿದ್ದೇನೆ.